ಫೋಟೋದಲ್ಲಿ ಖಾಲಿ ಉಳಿದ ಜಾಗ

ಎಂಬತ್ತರ ದಶಕದಲ್ಲಿ ನಾನು ತರೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾಗಿದ್ದೆ. ಪರಮಾಣು, ವಿಕಿರಣ, ಅರ್ಧಾಯುಷ್ಯ ಇವೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಪುಸ್ತಕ ಮುಚ್ಚಿಟ್ಟು ಪಾಠ ಹೇಳುತ್ತಿದ್ದೆ. ಬಾಯಿ ಬಿಡದೆ ಕೂತ ಹುಡುಗಿಯರಿಗೆ, "ಗೊತ್ತಿಲ್ಲದಿದ್ರೆ ಕೇಳ್ರೇ, ಕೇಳೋಕೆ ಏನು ಧಾಡಿ ನಿಮ್ಗೆ?" ಎಂದು ಗದರುತ್ತಿದ್ದೆ. ಆ ಗದರಿಕೆ ನೆನಪಾದಾಗೆಲ್ಲ ಈಗಲೂ ನನಗೆ ನನ್ನ ಮೇಲೆಯೇ ಮೈ ಉರಿಯುತ್ತದೆ. ನನ್ನ ವಿದ್ಯೆ ನಮ್ಮ ಮನೆಗೆ ನಿಜವಾಗಿ ಬೇಕಾಗಿದ್ದು ಒಂದೇ ಒಂದು ದಿನ. ಆ ದಿನ ನಾನು ಅದನ್ನು ಮನೆಯಲ್ಲೇ ಬಿಟ್ಟು ಹೋದವಳ ಹಾಗೆ ನಡೆದುಕೊಂಡೆ.

ಮನೆ ಇದ್ದದ್ದು ಅಜ್ಜಂಪುರದಲ್ಲಿ. ಅಪ್ಪನದು ಈರುಳ್ಳಿ, ಶೇಂಗಾ ವ್ಯಾಪಾರ. ಅಣ್ಣ ಅಪ್ಪನ ಜೊತೆ ಮಂಡಿಯಲ್ಲಿ ಕೂರುತ್ತಿದ್ದ. ನಾನು ದಿನವೂ ಬೆಳಿಗ್ಗೆ ತರೀಕೆರೆ ಬಸ್ಸು ಹತ್ತಿ ಸಂಜೆ ವಾಪಸು ಬರುತ್ತಿದ್ದೆ. ನನಗೆ ಮದುವೆಯಾಗಿರಲಿಲ್ಲ. ಮದುವೆಯಾಗದ, ಸಂಬಳ ತರುವ, ಇಂಗ್ಲಿಷ್ ಬರುವ ಮಗಳು ಮನೆಯಲ್ಲಿದ್ದರೆ ಆಸ್ಪತ್ರೆಯ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅವ್ವನ ಎಡಮೊಲೆಯಲ್ಲಿ ಗಂಟು ಎಂದು ಗೊತ್ತಾದ ದಿನ ಅಪ್ಪ, "ನೀನು ಓದಿದೋಳು, ನೀನೇ ಓಡಾಡಮ್ಮಾ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಮಂಡಿಗೆ ನಡೆದರು.

ಗಂಟು ಇದೆಯೆಂದು ಅವ್ವನಿಗೆ ಒಂದು ವರ್ಷದಿಂದ ಗೊತ್ತಿತ್ತು. ಅರಿಶಿನ ಅರೆದು ಹಚ್ಚಿಕೊಂಡು, ಸೆರಗು ಬಿಗಿಯಾಗಿ ಹೊದ್ದು, ರೊಟ್ಟಿ ತಟ್ಟುತ್ತ ಇದ್ದುಬಿಟ್ಟಿದ್ದಳು. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. "ಅದನ್ನ ಯಾರಿಗೆ ತೋರ್ಸಾಣ ಅಂತೀಯ?" ಎಂದಳು. ಶಿವಮೊಗ್ಗೆಯಲ್ಲಿ ಆಪರೇಷನ್ ಮಾಡಿ ಮೊಲೆಯನ್ನು ಪೂರ್ತಿ ತೆಗೆದರು.

ಇಲ್ಲಿ ಲಿಂಗದ ವಿಷಯ ಹೇಳಬೇಕು. ನಮ್ಮದು ಮಗು ಹುಟ್ಟುತ್ತಲೇ ಲಿಂಗ ಕಟ್ಟುವ ಮನೆತನ. ನನ್ನದು ಓದಿನ ಸೊಕ್ಕಿನಲ್ಲಿ ಪೆಟ್ಟಿಗೆ ಸೇರಿ ಎಷ್ಟೋ ಕಾಲವಾಗಿತ್ತು. ಅವ್ವನದು ಮಾತ್ರ ಬೆಳ್ಳಿಯ ಕರಡಿಗೆಯೊಳಗೆ ಶಿವದಾರದಲ್ಲಿ ಕೊರಳಿಂದ ಇಳಿಬಿದ್ದು ಹಗಲೂ ರಾತ್ರಿ ಮೈಮೇಲೆ ಇರುತ್ತಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಒಂದು ಹೂವೋ ಪತ್ರೆಯೋ ಇಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಆ ಅಂಗೈಯನ್ನು ನೋಡಿದ್ದೇನೆ.

ಆಪರೇಷನ್ ದಿನ ಅವಳಿಗೆ ಮದ್ದಿನ ಮತ್ತು ಏರಿದ ಮೇಲೆ ನರ್ಸು ಕರಡಿಗೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಎಚ್ಚರವಾದ ಅವ್ವ ಮೊದಲು ಮುಟ್ಟಿನೋಡಿಕೊಂಡಿದ್ದು ಹೋದ ಮೊಲೆಯನ್ನಲ್ಲ, ಕೊರಳನ್ನು. ಅಲ್ಲಿ ದಾರವಿಲ್ಲ. ಅವಳು ಅತ್ತ ಅಳುವಿಗೆ ಪಕ್ಕದ ಮಂಚದವರೆಲ್ಲ ಎದ್ದು ಕೂತರು. ನಾನು ಚೀಲದಿಂದ ತೆಗೆದು ಕಟ್ಟಿದೆ. ಆದರೂ ಮಠಕ್ಕೆ ಹೋಗಿ ಸ್ವಾಮಿಗಳ ಕೈಯಿಂದ ಮತ್ತೆ ಕಟ್ಟಿಸಿಕೊಳ್ಳುವವರೆಗೂ ಅನ್ನ ಮುಟ್ಟಲಿಲ್ಲ, ಬರೀ ಹಾಲು ಕುಡಿದುಕೊಂಡಿದ್ದಳು. ಮಠದ ಮೆಟ್ಟಿಲಿಳಿಯುವಾಗ, "ಇನ್ನು ಯಾರೂ ನನ್ನ ಮೈಯಿಂದ ಇದನ್ನ ಬಿಚ್ಚಂಗಿಲ್ಲ" ಎಂದಳು. ದಾರ ಉದ್ದವಿದ್ದರೆ ಕರಡಿಗೆ ಗಾಯಕ್ಕೆ ತಾಗುತ್ತದೆಂದು ಗಿಡ್ಡ ಮಾಡಿ ಕಟ್ಟಿಕೊಂಡಳು. ಈಗ ಅದು ಕೊರಳಗುಳಿಯ ಕೆಳಗೆ, ಎದೆಯ ನಡುವಿನ ಮೂಳೆಯ ಮೇಲೆ ಸರಿಯಾಗಿ ಕೂರುತ್ತಿತ್ತು.

ಆಪರೇಷನ್ ಆದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವಾರ ಎದೆಗೆ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಅಲ್ಲಿ ದಿನಕ್ಕೆ ಎರಡು ಮೂರು ನಿಮಿಷದ ಕೆಲಸ, ಮಂಚದ ಮೇಲೆ ಅಂಗಾತ ಮಲಗಿದರೆ ಸಾಕು, ಮೈಮೇಲೆ ಗುರುತು ಹಾಕಿದ ಕಡೆಗೆ ಕರಡಿಗೆ ಬಾರದ ಹಾಗೆ ಹೆಗಲ ಮೇಲಕ್ಕೆ ಸರಿಸಿಕೊಳ್ಳಲು ಬಿಟ್ಟಿದ್ದರು. ಅದಾಗಿ ಕೆಲವು ತಿಂಗಳಿಗೆ ಡಾಕ್ಟರು, ರೋಗ ಮೂಳೆಗೆ ಇಳಿದಿದೆಯೋ ಇಲ್ಲವೋ ನೋಡಬೇಕು, ಮೂಳೆಯ ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟರು. ಮೊಲೆಯಲ್ಲಿ ಹುಟ್ಟಿದ್ದು ಮೂಳೆಯಲ್ಲಿ ಹೋಗಿ ಕೂರುತ್ತದಂತೆ. ಇಳಿದಿಲ್ಲವಾದರೆ ಆಸೆ ಇಟ್ಟುಕೊಳ್ಳಬಹುದು, ಇಳಿದಿದ್ದರೆ ದಾರಿಯೇ ಬೇರೆ. ನಮಗೆ ಬೇಕಾಗಿದ್ದುದು ಆ ಒಂದು ಉತ್ತರ.

ಮೂಳೆಯ ಮೇಲೆ ಹೋಗಿ ಅಂಟುವ ಒಂದು ಮದ್ದಿಗೆ ಚೂರು ವಿಕಿರಣದ ವಸ್ತು ಸೇರಿಸಿ ಸೂಜಿಯಲ್ಲಿ ಕೊಡುತ್ತಾರೆ. ಮೂರು ಗಂಟೆ ಬಿಟ್ಟು ಕ್ಯಾಮೆರಾದ ಕೆಳಗೆ ಮಲಗಿಸಿ ಇಡೀ ಮೈಯ ಫೋಟೋ ತೆಗೆಯುತ್ತಾರೆ. ಮೂಳೆಯಲ್ಲಿ ಎಲ್ಲಿ ಕೆಡುಕು ನಡೆದಿದೆಯೋ ಅಲ್ಲಿ ಮದ್ದು ಹೆಚ್ಚು ಸೇರಿ, ಫೋಟೋದಲ್ಲಿ ಕಪ್ಪಗೆ ಕಾಣುತ್ತದೆ. ಇದನ್ನೆಲ್ಲ ನಾನು ರೈಲಿನಲ್ಲಿ ಅವ್ವನಿಗೆ ಹುಮ್ಮಸ್ಸಿನಿಂದ ವಿವರಿಸಿದೆ. ಬೀರೂರು, ಕಡೂರು ದಾಟುವವರೆಗೂ ನನ್ನ ಪಾಠ ನಡೆದಿತ್ತು. ಅವ್ವ ಎಲ್ಲ ಕೇಳಿ, "ನೋವಾಗ್ತದಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾದ್ರೆ ಸರಿ" ಎಂದು ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಸೀಸದ ಡಬ್ಬಿಯಿಂದ ಸೂಜಿ ತೆಗೆದು ಚುಚ್ಚಿದರು. ನೀರು ಕುಡಿಸಿ ಕುಡಿಸಿ ಮೂರು ಗಂಟೆ ಬೆಂಚಿನ ಮೇಲೆ ಕಾದೆವು. ಆಮೇಲೆ ಟೆಕ್ನೀಷಿಯನ್ ಒಬ್ಬ ಬಂದ. ನನಗಿಂತ ಸಣ್ಣ ವಯಸ್ಸಿನವನು, ಒಳ್ಳೆಯ ಮಾತಿನವನು. "ಮೇಡಮ್, ಅಮ್ಮನ ಮೈಮೇಲೆ ಚಿನ್ನ, ಬೆಳ್ಳಿ ಏನಿದ್ರೂ ತೆಗೆಸಿ. ಲೋಹ ಅಡ್ಡ ಬಂದ್ರೆ ಅದರ ಹಿಂದಿರೋ ಮೂಳೆ ಫೋಟೋದಲ್ಲಿ ಬರಲ್ಲ" ಎಂದು ಸ್ಪಷ್ಟವಾಗಿ ಹೇಳಿದ. ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಪರದೆಯ ಹಿಂದೆ ಅವ್ವ ಓಲೆ ಬಿಚ್ಚಿದಳು, ಮೂಗುಬೊಟ್ಟು ಬಿಚ್ಚಿದಳು. ತಾಳಿಯನ್ನೂ ಒಂದು ಮಾತಿಲ್ಲದೆ ಬಿಚ್ಚಿ ನನ್ನ ಕೈಗೆ ಹಾಕಿದಳು. ಕರಡಿಗೆಗೆ ಕೈ ಹಾಕಿದರೆ ಹಿಂದೆ ಸರಿದಳು.

"ಬ್ಯಾಡ ಕಣೇ. ಒಂದ್ಸಲ ಬಿಚ್ಚಿ ಪಟ್ಟಿದ್ದು ಸಾಕು."

"ಅವ್ವಾ, ಅವ್ರು ಹೇಳಿದ್ದು ಕೇಳ್ತಲ್ಲ?"

"ಬಟ್ಟೆ ಒಳಗೆ ಇರ್ತದೆ. ಯಾರು ನೋಡ್ತಾರೆ? ನೀನೇನೂ ಅನ್ಬ್ಯಾಡ. ನನ್ನಾಣೆ ಐತೆ."

ಅವರು ಕೊಟ್ಟಿದ್ದ ನಿಲುವಂಗಿಯೊಳಗೆ ಕರಡಿಗೆಯನ್ನು ತೂರಿಸಿ, ಮೇಲೆ ಬಟ್ಟೆಯ ಮಡಿಕೆ ಎಳೆದುಕೊಂಡಳು. ಹೊರಗಿನಿಂದ ಟೆಕ್ನೀಷಿಯನ್, "ಎಲ್ಲಾ ತೆಗೆದ್ರಾ ಮೇಡಮ್?" ಎಂದು ಕೂಗಿದ.

"ಎಲ್ಲಾ ತೆಗೆದಿದೀವಿ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅವ್ವನ ಆಣೆ ಎಂದು ಹೇಳಿದರೆ ಅದು ನೆಪ. ಆಣೆಗೀಣೆಗಳನ್ನು ನಂಬಿದವಳಲ್ಲ ನಾನು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಸಾಕಾಗಿತ್ತು, ಅದು ಒಂದು. ಲಿಂಗ, ಕರಡಿಗೆ, ಮಠ ಎಂದು ಆ ಬಿಳಿ ಕೋಟಿನವನ ಮುಂದೆ ಹಳ್ಳಿಯ ಪುರಾಣ ಬಿಚ್ಚಲು ನಾಚಿಕೆಯಾಗಿತ್ತು, ಅದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, ನನಗೆ ಫೋಟೋ ಚೊಕ್ಕಟವಾಗಿ ಬಂದು, ಕೆಲಸ ಮುಗಿದು, ಊರಿಗೆ ಹೋಗಬೇಕಾಗಿತ್ತು. ಉತ್ತರ ಬೇಕು ಎಂದು ಹೋದವಳಿಗೆ ಒಳಗೊಳಗೇ ಬೇಕಾಗಿದ್ದುದು ಒಂದೇ ಉತ್ತರ.

ಅಲ್ಲಿಗೂ ಮುಗಿಯಲಿಲ್ಲ. ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಕ್ಯಾಮೆರಾದ ಪಕ್ಕದ ಸಣ್ಣ ಪರದೆಯಲ್ಲಿ ಅವ್ವನ ಪಕ್ಕೆಲುಬು, ಬೆನ್ನುಮೂಳೆ, ಹೆಗಲು ಚುಕ್ಕಿಚುಕ್ಕಿಯಾಗಿ ಮೂಡಿದವು. ಎದೆಯ ನಡುವೆ ಮಾತ್ರ ರೂಪಾಯಿಗಿಂತ ಚೂರು ಅಗಲಕ್ಕೆ ಏನೂ ಮೂಡದೆ ಖಾಲಿ ಬಿದ್ದಿತ್ತು. ಟೆಕ್ನೀಷಿಯನ್ ಡಾಕ್ಟರನ್ನು ಕರೆದ. ಡಾಕ್ಟರು ಕಾಗದ ತಿರುವಿ, "ಎದೆಗೆ ರೇಡಿಯೇಷನ್ ಆಗಿದೆಯಲ್ಲ? ಅದು ಬಿದ್ದ ಮೂಳೆ ಮದ್ದನ್ನ ಅಷ್ಟಾಗಿ ಹೀರಲ್ಲ. ಹೀಗೆ ಪೇಲವವಾಗಿ ಬರೋದುಂಟು" ಎಂದರು. ಟೆಕ್ನೀಷಿಯನ್‌ಗೆ ಸಮಾಧಾನವಾಗಲಿಲ್ಲ. "ಇಷ್ಟು ದುಂಡಗೆ ಬರುತ್ತಾ ಸಾರ್?" ಎಂದು ನನ್ನ ಕಡೆ ನೋಡಿದ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆ ದುಂಡು ಏನೆಂದು ಆ ಕೋಣೆಯಲ್ಲಿ ಸರಿಯಾಗಿ ಗೊತ್ತಿದ್ದುದು ನನಗೊಬ್ಬಳಿಗೇ. ಈಗ ಬಾಯಿ ಬಿಟ್ಟರೆ ಮೊದಲು ಹೇಳಿದ ಸುಳ್ಳು ಬಯಲಾಗುತ್ತದೆ ಎಂದು ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ರಿಪೋರ್ಟು ಬಂತು. ಮೂಳೆಗೆ ಹರಡಿದ ಗುರುತಿಲ್ಲ, ಎದೆಮೂಳೆಯ ಪೇಲವ ಭಾಗ ಹಿಂದಿನ ಚಿಕಿತ್ಸೆಯ ಪರಿಣಾಮ ಇರಬಹುದು ಎಂದು ಬರೆದಿತ್ತು.

ಹೊರಡುವಾಗ ಒಂದು ಚೀಟಿ ಕೊಟ್ಟರು. ಆ ಒಂದು ದಿನ ಹಸುಗೂಸುಗಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದಿತ್ತು. ಮರುದಿನ ಮಧ್ಯಾಹ್ನ ಅಜ್ಜಂಪುರದ ಮನೆಯ ಹೊಸ್ತಿಲು ತುಳಿಯುವ ಹೊತ್ತಿಗೆ ಆ ದಿನ ಕಳೆದೇಹೋಗಿತ್ತು. ಆದರೆ ಅಪ್ಪ ಚೀಟಿ ಓದಿದರು, ಅತ್ತಿಗೆ ಕೇಳಿಸಿಕೊಂಡಳು. ಅವಳ ಕಂಕುಳಲ್ಲಿ ಐದು ತಿಂಗಳ ಮಗು. ಅಂದಿನಿಂದ ಅವ್ವನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ನಡುಮನೆಯಿಂದ ಹಿಂದಿನ ಕೋಣೆಗೆ. ನಮ್ಮ ಮನೆಯಲ್ಲಿ ಮುಟ್ಟಿಗೆ ಮೈಲಿಗೆಯಿಲ್ಲ, ಹೆರಿಗೆಗೆ, ಸಾವಿಗೆ ಸೂತಕವಿಲ್ಲ ಎಂದು ಅಪ್ಪ ಬಂದವರ ಮುಂದೆಲ್ಲ ಎದೆ ತಟ್ಟಿಕೊಳ್ಳುತ್ತಿದ್ದರು. ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿಯದು ಎನ್ನುತ್ತಿದ್ದರು. ಅಂಥ ಮನೆಯಲ್ಲಿ ಬೆಂಗಳೂರಿನ ಒಂದು ಸೂಜಿಗೆ ಹೊಸ ಸೂತಕ ಹುಟ್ಟಿಕೊಂಡಿತು. ನಾನು ಕಾಗದ ತೆಗೆದುಕೊಂಡು ಬರೆದು ತೋರಿಸಿದೆ. ಆರು ಗಂಟೆಗೆ ಅರ್ಧ ಹೋಗುತ್ತದೆ, ಇನ್ನಾರು ಗಂಟೆಗೆ ಉಳಿದದ್ದರಲ್ಲಿ ಅರ್ಧ, ಈಗ ಲೆಕ್ಕಕ್ಕೂ ಸಿಗದಷ್ಟು ಉಳಿದಿದೆ ಎಂದೆ. "ಉಳಿದದೆ ಅಂತ ನೀವೇ ಅಂತೀರಲ್ಲ" ಎಂದಳು ಅತ್ತಿಗೆ. ಎರಡು ತಿಂಗಳು ಅವ್ವ ಮೊಮ್ಮಗುವನ್ನು ಬಾಗಿಲಾಚೆಯಿಂದ ನೋಡಿದಳು. ನಾನು ಹೇಳಿದ ನಿಜವನ್ನು ಆ ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು ತಂದ ರಿಪೋರ್ಟನ್ನು ಮಾತ್ರ ಎಲ್ಲರೂ ನಂಬಿದರು.

ಮೂರನೇ ತಿಂಗಳಿಗೆ ಅವ್ವ ಎದೆನೋವು ಎಂದಳು. ಕೊರಳಗುಳಿಯ ಕೆಳಗೆ ಬೆರಳಿಟ್ಟು ತೋರಿಸಿದಳು. ಬಗ್ಗಿದರೆ ಚಳುಕು, ಕೆಮ್ಮಿದರೆ ಚಳುಕು. ಅಪ್ಪ ವಾಯು ಎಂದರು. ಅತ್ತಿಗೆ ಓಮದ ಕಷಾಯ ಮಾಡಿಕೊಟ್ಟಳು. ನಾನು ಬೀರುವಿನಿಂದ ರಿಪೋರ್ಟು ತೆಗೆದು, "ಫೋಟೋದಲ್ಲಿ ಏನೂ ಇಲ್ಲ ಕಣವ್ವಾ. ಮನಸ್ಸಿಗೆ ಹಚ್ಕಂಡು ನೋವು ನೋವು ಅಂತೀಯ" ಎಂದೆ. ನನ್ನ ಬಾಯಿಂದಲೇ ಬಂದ ಮಾತು ಇದು. ಅವಳು ನೋವು ಎಂದಾಗೆಲ್ಲ ನಾವು ಆ ಕಾಗದ ತೋರಿಸಿದೆವು. ಬರಬರುತ್ತ ಅವಳು ಹೇಳುವುದನ್ನೇ ನಿಲ್ಲಿಸಿದಳು. ನಾವು ನೋವು ಹೋಯಿತು ಎಂದುಕೊಂಡೆವು. ಆ ಖಾಲಿ ಜಾಗ ನನಗೆ ನೆನಪಾಗಲಿಲ್ಲವೇ? ಆಯಿತು. ಒಂದೆರಡು ಸಲ ತರೀಕೆರೆ ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಡಾಕ್ಟರೇ ಹೇಳಿದ್ದಾರಲ್ಲ, ಕರೆಂಟಿನಿಂದ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಹೇಳಿದ್ದು ನಾನು, ಅದನ್ನು ಮೊದಲು ನಂಬಿದವಳೂ ನಾನೇ.

ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಹೋಗಿ ಅವ್ವ ಹಾಗೇ ಕುಸಿದು ಕೂತಳು. ಮುಖ ಬಿಳಿಚಿತ್ತು, ಉಸಿರು ಎಳೆಯಲು ಆಗುತ್ತಿರಲಿಲ್ಲ. ಆ ದಿನ ನಾನು ಶಾಲೆಗೆ ರಜೆ ಹಾಕಿ ಕಡೂರಿಗೆ ಕರೆದುಕೊಂಡು ಹೋದೆ. ಅಲ್ಲಿ ವಯಸ್ಸಾದ ಒಬ್ಬ ಲೇಡಿ ಡಾಕ್ಟರಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವನ ಎದೆಯ ಮೇಲಿದ್ದ ಕರಡಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದರ ಅಡಿಯ ಮೂಳೆಯನ್ನು ಬೆರಳ ತುದಿಯಲ್ಲಿ ಒತ್ತಿದರು. ಅವ್ವ ಕಿರುಚಿದಳು. ನಾನು ರಿಪೋರ್ಟು ಮುಂದಿಟ್ಟೆ. ಅವರು ಓದಿ ಪಕ್ಕಕ್ಕಿಟ್ಟು, "ಇಲ್ಲಿ ಊದಿಕೊಂಡದೆ ಕಣಮ್ಮಾ, ಕೈಗೆ ಸಿಗ್ತದೆ. ಕಾಗದ ಏನಾದ್ರೂ ಹೇಳ್ಲಿ, ನಾಳೆನೇ ಬೆಂಗಳೂರಿಗೆ ಹೊರಡು" ಎಂದರು. ನಾನು ಆ ಕಾಗದವನ್ನು ಮಡಿಸದೆ ಹಾಗೇ ಚೀಲಕ್ಕೆ ತುರುಕಿದೆ.

ಅದೇ ಕ್ಯಾಮೆರಾ, ಅದೇ ಬೆಂಚು, ಅದೇ ಟೆಕ್ನೀಷಿಯನ್. ಈ ಸಲ ಅವನು ಕೇಳುವ ಮೊದಲೇ ನಾನು ಎಲ್ಲ ಹೇಳಿದೆ. ಅವ್ವನ ಎದುರಿಗೇ ಹೇಳಿದೆ. ಬೆಳ್ಳಿಯ ಕರಡಿಗೆ, ಅವತ್ತೂ ಮೈಮೇಲಿತ್ತು, ನಾನು ಸುಳ್ಳು ಹೇಳಿದೆ ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು, "ಮೈಯಿಂದ ತೆಗೀಲೇಬೇಕು ಅಂತ ಏನಿತ್ತು ಮೇಡಮ್? ಅಮ್ಮ ಅದನ್ನ ಅಂಗೈಯಲ್ಲಿ ಇಟ್ಕೊಂಡು ಮಲಗಿದ್ರೆ ಸಾಕಿತ್ತು. ಕೈ ಪಕ್ಕದಲ್ಲಿ ಇರುತ್ತೆ, ಎದೆಗೆ ಅಡ್ಡ ಬರ್ತಿರಲಿಲ್ಲ. ಎಷ್ಟೋ ಜನ ಹಾಗೇ ಮಾಡ್ತಾರೆ" ಎಂದ.

ಅವ್ವ ದಾರವನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡಳು. ಕರಡಿಗೆಯನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬೆರಳು ಮಡಿಸಿ ಮಲಗಿದಳು. ದಿನವೂ ಪೂಜೆಗೆ ಕೂರುತ್ತಿದ್ದಾಗ ಹಿಡಿಯುತ್ತಿದ್ದ ಹಾಗೆಯೇ ಹಿಡಿದಿದ್ದಳು. ಪರದೆಯ ಮೇಲೆ ಎದೆಮೂಳೆ ಮೂಡತೊಡಗಿತು. ಹೋದ ಸಲ ಖಾಲಿ ಇದ್ದ ಕಡೆ ಈ ಸಲ ಮಸಿ ಚೆಲ್ಲಿದ ಹಾಗೆ ಕಪ್ಪಗಿತ್ತು. ಬೆನ್ನುಮೂಳೆಯಲ್ಲೂ ಎರಡು ಕಡೆ ಇತ್ತು.

ಹೋದ ಸಲವೇ ಇತ್ತೇ ಎಂದು ಡಾಕ್ಟರನ್ನು ಕೇಳಿದೆ. "ಇತ್ತೋ ಇಲ್ಲವೋ ಯಾರಿಂದ ಹೇಳೋಕಾಗುತ್ತೆ? ಆ ಜಾಗ ನಾವು ನೋಡೇ ಇಲ್ಲವಲ್ಲ" ಎಂದರು. ಆಗ ಕಂಡಿದ್ದರೂ ವಾಸಿಯಾಗುತ್ತಿತ್ತು ಎಂದು ಹೇಳಲಾರೆ, ಆದರೆ ಆ ಮೂಳೆಗೆ ಆಗಲೇ ಚಿಕಿತ್ಸೆ ಕೊಟ್ಟು ನೋವು ಕಡಿಮೆ ಮಾಡಬಹುದಿತ್ತು ಎಂದೂ ಹೇಳಿದರು. ಅಷ್ಟು ತಿಂಗಳ ನೋವನ್ನು ನಾವು ಅವಳ ಮನಸ್ಸಿನ ರೋಗ ಎಂದಿದ್ದೆವು. ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಊರಿಗೆ ವಾಪಸು ಬರುವಾಗ ರೈಲಿನಲ್ಲಿ ಅವ್ವನನ್ನು ಸೀಟಿನ ಮೇಲೆ ಮಲಗಿಸಿ, ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಕರಡಿಗೆ ಇನ್ನೂ ಅಂಗೈಯಲ್ಲೇ ಇತ್ತು, ಕೊರಳಿಗೆ ಹಾಕಿಕೊಂಡಿರಲಿಲ್ಲ. ನಾನೇ ತಡೆಯಲಾರದೆ, "ಲಿಂಗ ಅಡ್ಡ ಬಂದು ಹಿಂಗಾಯ್ತಲ್ಲವ್ವಾ" ಎಂದೆ.

"ಲಿಂಗನ್ನ ಯಾಕೆ ದೂರ್ತೀಯ?" ಎಂದಳು. ಕಣ್ಣು ತೆರೆಯಲಿಲ್ಲ. "ದಿನಾ ಅಂಗೈನಾಗೆ ಇಟ್ಕತಿದ್ನಲ್ಲ. ಇಟ್ಕಂಡ್ ಮಲಗು ಅಂತ ಒಂದ್ ಮಾತು ಅಂದಿದ್ರೆ ಮಲಗ್ತಿದ್ದೆ."

"ನಂಗೆ ಗೊತ್ತಿರ್ಲಿಲ್ಲ ಕಣವ್ವಾ."

"ಆ ಹುಡುಗನ್ನ ಕೇಳ್ಬೌದಿತ್ತು."

ಆ ಮಳೆಗಾಲ ಮುಗಿಯುವ ಮೊದಲೇ ಅವ್ವ ಹೋಗಿಬಿಟ್ಟಳು. ತರೀಕೆರೆಯ ಶಾಲೆಯಲ್ಲಿ ನಾನು ಇನ್ನೂ ಹಲವು ವರ್ಷ ಪಾಠ ಹೇಳಿದೆ. ವಿಕಿರಣದ ಪಾಠವನ್ನೂ ಹೇಳಿದೆ. ಗೊತ್ತಿಲ್ಲದಿದ್ದರೆ ಕೇಳಿ ಎಂದು ಮಾತ್ರ ಯಾವ ಹುಡುಗಿಗೂ ಮತ್ತೆ ಗದರಲಿಲ್ಲ.